ನಾಲ್ವರು ವಿಜ್ಞಾನಿಗಳು, 231 ತುಣುಕು: ಲೆಗೊ ‘ವಿಮೆನ್ ಆಫ್ ನಾಸಾ’ ಸೆಟ್ ಈಗಲೂ ಕೊಳ್ಳಬಹುದೇ?

ಪ್ಲಾಸ್ಟಿಕ್ ತುಣುಕು ಜೋಡಿಸಿ ಕಟ್ಟುವ ಆಟಿಕೆ ತಯಾರಿಸುವ ಲೆಗೊ ಕಂಪನಿಯ 21312ನೇ ಸೆಟ್ ‘ವಿಮೆನ್ ಆಫ್ ನಾಸಾ’ (ನಾಸಾದ ಮಹಿಳೆಯರು) ಅಂಗಡಿಗೆ ಬಂದದ್ದು 2017ರ ನವೆಂಬರ್ 1ರಂದು. ಒಟ್ಟು 231 ತುಣುಕು, ನಾಲ್ಕು ಬೊಂಬೆ, ಮೂರು ಪುಟ್ಟ ದೃಶ್ಯ. ಅಮೆರಿಕದಲ್ಲಿ ಆಗಿನ ಬೆಲೆ 24.99 ಡಾಲರ್. ಬಿಡುಗಡೆಯಾದ ಒಂದು ದಿನದೊಳಗೆ ಅಮೆಜಾನ್‌ನಲ್ಲಿ ಅತಿ ಹೆಚ್ಚು ಮಾರಾಟವಾಗುವ ಆಟಿಕೆಗಳ ಸಾಲಿನಲ್ಲಿ ಅದು ಮೇಲಕ್ಕೇರಿತ್ತು. ತಯಾರಿಕೆ ನಿಂತು ವರ್ಷಗಳಾಗಿವೆ, ಆದರೂ ಹೆಣ್ಣುಮಕ್ಕಳ ಹುಟ್ಟುಹಬ್ಬಕ್ಕೆ ಅಥವಾ ಶಾಲೆಯ ವಿಜ್ಞಾನ ಮೂಲೆಗೆ ಏನು ತರೋಣ ಎಂದು ಹುಡುಕುವವರಿಗೆ ಈ ಹೆಸರು ಪದೇ ಪದೇ ಎದುರಾಗುತ್ತದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮೂಲ ಬೆಲೆಗಿಂತ ಹೆಚ್ಚು ಕೇಳುತ್ತಾರೆ. ಅಷ್ಟು ಕೊಟ್ಟು ತರುವಂಥದ್ದೇನಿದೆ ಇದರಲ್ಲಿ, ಎಲ್ಲಿ ಕೊರತೆಯಿದೆ, ಆ ಕೊರತೆಯನ್ನು ಮನೆಯಲ್ಲೇ ತುಂಬಿಕೊಳ್ಳುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುವುದು ಈ ವಿಮರ್ಶೆಯ ಕೆಲಸ.

ಇದು ಕಂಪನಿಯ ಒಳಗೆ ಹುಟ್ಟಿದ ಕಲ್ಪನೆಯಲ್ಲ. ‘ಲೆಗೊ ಐಡಿಯಾಸ್’ ಎಂಬ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಮಾದರಿ ಕಟ್ಟಿ ಸಲ್ಲಿಸಬಹುದು. 10,000 ಜನ ಬೆಂಬಲಿಸಿದರೆ ಕಂಪನಿ ಅದನ್ನು ಪರಿಶೀಲಿಸುತ್ತದೆ. ವಿಜ್ಞಾನ ಬರಹಗಾರ್ತಿ ಮಾಯಾ ವೈನ್‌ಸ್ಟಾಕ್ 2016ರಲ್ಲಿ ಸಲ್ಲಿಸಿದ ಈ ಮಾದರಿಗೆ ಸುಮಾರು ಎರಡೇ ವಾರದಲ್ಲಿ ಆ ಸಂಖ್ಯೆ ಸಿಕ್ಕಿತು. ಅವರ ಮೂಲ ಮಾದರಿಯಲ್ಲಿ ಐವರಿದ್ದರು: ಮಾರ್ಗರೆಟ್ ಹ್ಯಾಮಿಲ್ಟನ್, ನ್ಯಾನ್ಸಿ ಗ್ರೇಸ್ ರೋಮನ್, ಸ್ಯಾಲಿ ರೈಡ್, ಮೇ ಜೆಮಿಸನ್ ಮತ್ತು ಗಣಿತಜ್ಞೆ ಕ್ಯಾಥರೀನ್ ಜಾನ್ಸನ್. ಪೆಟ್ಟಿಗೆಯಲ್ಲಿ ಬಂದದ್ದು ನಾಲ್ವರು. ತಾವು ಈ ಯೋಜನೆಯಲ್ಲಿ ಇರುವುದು ಬೇಡ ಎಂದು ಜಾನ್ಸನ್ ತೀರ್ಮಾನಿಸಿದ್ದರಿಂದ ಅವರ ಬೊಂಬೆಯನ್ನು ಕೈಬಿಡಲಾಯಿತು. ಬದುಕಿರುವ ವ್ಯಕ್ತಿಯ ಮುಖವನ್ನು ಮಾರುವಾಗ ಅವರ ಒಪ್ಪಿಗೆ ಬೇಕೇ ಬೇಕು. ಆ ಮಟ್ಟಿಗೆ ಕಂಪನಿ ಸರಿಯಾಗಿಯೇ ನಡೆದುಕೊಂಡಿತು. ಆದರೆ ಸೆಟ್ ಕೈಗೆ ಬಂದಾಗ ಐದನೆಯ ಜಾಗ ಖಾಲಿ ಎನಿಸದೆ ಇರದು. ಅದಕ್ಕೆ ಮಾಡಬಹುದಾದದ್ದನ್ನು ಮುಂದೆ ಹೇಳುತ್ತೇವೆ.

ಮೂರು ದೃಶ್ಯಗಳಲ್ಲಿ ಅತ್ಯುತ್ತಮವಾದದ್ದು ಎಲ್ಲಕ್ಕಿಂತ ಸರಳವಾದದ್ದೇ. ಹ್ಯಾಮಿಲ್ಟನ್ ಪಕ್ಕದಲ್ಲಿ ಒಂದರ ಮೇಲೊಂದು ಪುಸ್ತಕಗಳ ರಾಶಿ, ಅಷ್ಟೇ. 1969ರಲ್ಲಿ ತೆಗೆದ ಒಂದು ಪ್ರಸಿದ್ಧ ಕಪ್ಪು-ಬಿಳುಪು ಫೋಟೊ ಇದರ ಮೂಲ. ಮನುಷ್ಯರನ್ನು ಚಂದ್ರನಿಗೆ ಒಯ್ದ ಅಪೊಲೊ ನೌಕೆಯ ಕಂಪ್ಯೂಟರಿಗೆ ಬರೆದ ಪ್ರೋಗ್ರಾಮಿನ ಅಚ್ಚುಪ್ರತಿಗಳನ್ನೆಲ್ಲ ಪೇರಿಸಿಟ್ಟರೆ ಅವರಷ್ಟೇ ಎತ್ತರ ಬಂದಿತ್ತು. ಆ ರಾಶಿಯ ಪಕ್ಕ ಅವರು ನಗುತ್ತಾ ನಿಂತಿದ್ದಾರೆ. ಸೆಟ್ಟಿನಲ್ಲಿ ಈ ರಾಶಿಯನ್ನು ಕಟ್ಟಲು ಐದು ನಿಮಿಷವೂ ಬೇಡ. ಆದರೆ ಕಟ್ಟಿ ಮುಗಿಸಿದ ಮಗು ಕೇಳುವ ಪ್ರಶ್ನೆ ಒಂದೇ: “ಇದೇನು?” ಆ ಪ್ರಶ್ನೆ ಹುಟ್ಟಿತೆಂದರೆ ಸೆಟ್ ಅರ್ಧ ಗೆದ್ದಂತೆ. ಆದರ್ಶ ವ್ಯಕ್ತಿ ಎಂದು ಯಾರನ್ನಾದರೂ ಮಕ್ಕಳ ಮುಂದಿಡುವಾಗ ಅವರ ಮುಖಕ್ಕಿಂತ ಅವರ ಕೆಲಸ ಕಣ್ಣಿಗೆ ಬೀಳಬೇಕು. ಹ್ಯಾಮಿಲ್ಟನ್ ದೃಶ್ಯದಲ್ಲಿ ಅದು ಬೀಳುತ್ತದೆ.

ಮಗುವಿಗೆ ಕೊಡಬೇಕಾದ ಉತ್ತರವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇನ್‌ಸ್ಟ್ರುಮೆಂಟೇಶನ್ ಲ್ಯಾಬೊರೇಟರಿಯಲ್ಲಿ ಅಪೊಲೊ ನೌಕೆಯೊಳಗಿನ ಸಾಫ್ಟ್‌ವೇರ್ ಬರೆದ ವಿಭಾಗದ ಮುಖ್ಯಸ್ಥೆ ಈಕೆ. ತಮ್ಮ ಪುಟ್ಟ ಮಗಳನ್ನು ಕೆಲವೊಮ್ಮೆ ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಆ ಮಗು ಸಿಮ್ಯುಲೇಟರಿನ (ನೆಲದ ಮೇಲೇ ಹಾರಾಟದ ಅಭ್ಯಾಸ ಮಾಡಿಸುವ ಯಂತ್ರ) ಗುಂಡಿಗಳನ್ನು ಒತ್ತುತ್ತಾ ಒತ್ತುತ್ತಾ, ‘ಹಾರಾಟ’ದ ನಡುವೆ, ಉಡಾವಣೆಗೆ ಮುಂಚೆ ಮಾತ್ರ ಓಡಬೇಕಾದ ಪಿ01 ಪ್ರೋಗ್ರಾಮನ್ನು ಆರಿಸಿಬಿಟ್ಟಿತು. ಸಿಮ್ಯುಲೇಟರ್ ಕೆಲಸ ನಿಲ್ಲಿಸಿಬಿಟ್ಟಿತು. ಹೀಗಾಗದಂತೆ ತಡೆ ಹಾಕೋಣ ಎಂದು ಹ್ಯಾಮಿಲ್ಟನ್ ಕೇಳಿದರೆ, ತರಬೇತಾದ ಗಗನಯಾತ್ರಿಗಳು ಇಂಥ ತಪ್ಪು ಮಾಡುವುದಿಲ್ಲ ಎಂಬ ಉತ್ತರ ಬಂತು. 1968ರ ಡಿಸೆಂಬರಿನಲ್ಲಿ ಅಪೊಲೊ 8 ಚಂದ್ರನನ್ನು ಸುತ್ತಿ ಬರುವಾಗ ಜಿಮ್ ಲವೆಲ್ ಅದೇ ಪಿ01 ಅನ್ನು ಅಕಸ್ಮಾತ್ತಾಗಿ ಆರಿಸಿದರು. ನೌಕೆ ಎತ್ತ ಮುಖ ಮಾಡಿದೆ ಎಂಬ ಮಾಹಿತಿ ಅಳಿಸಿಹೋಯಿತು, ಅದನ್ನು ಮತ್ತೆ ತುಂಬಬೇಕಾಯಿತು. ಹತ್ತು ವರ್ಷದ ಮಕ್ಕಳಿಗೆ ಸಾಫ್ಟ್‌ವೇರ್ ಎಂದರೇನು, ತಪ್ಪನ್ನು ಮುಂಚೆಯೇ ಊಹಿಸುವುದು ಎಂದರೇನು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಆ ರಾಶಿ ಒಬ್ಬರ ಕೈಬರಹವಲ್ಲ, ಒಂದು ತಂಡದ್ದು. 1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುವಾಗ ‘1202’ ಎಂಬ ಎಚ್ಚರಿಕೆ ಮಿನುಗಿತು. ಆಗ ಕಂಪ್ಯೂಟರ್ ಮುಖ್ಯವಲ್ಲದ ಕೆಲಸಗಳನ್ನು ಬದಿಗೊತ್ತಿ ಇಳಿಯುವ ಕೆಲಸವನ್ನು ಮುಂದುವರಿಸಿತು. ಆದ್ಯತೆ ನೋಡಿ ಕೆಲಸ ಹಂಚುವ ಆ ಮೂಲ ವ್ಯವಸ್ಥೆಯನ್ನು ರೂಪಿಸಿದವರು ಹ್ಯಾಲ್ ಲ್ಯಾನಿಂಗ್. ಇನ್ನೊಂದು ಗುಂಪನ್ನಂತೂ ಯಾರೂ ಬೊಂಬೆ ಮಾಡಿಲ್ಲ. ಬರೆದ ಪ್ರೋಗ್ರಾಮನ್ನು ನೌಕೆಗೆ ಏರಿಸುವ ಮೊದಲು ಅದನ್ನು ತಾಮ್ರದ ತಂತಿಯಲ್ಲಿ ಅಕ್ಷರಶಃ ನೇಯಬೇಕಿತ್ತು. ಸಣ್ಣ ಕಾಂತೀಯ ಉಂಗುರದ ಒಳಗಿಂದ ತಂತಿ ಹಾದರೆ 1, ಪಕ್ಕದಿಂದ ಹೋದರೆ 0. ಇಂಥ 36,864 ‘ಪದ’ಗಳ (ಕಂಪ್ಯೂಟರ್ ಒಮ್ಮೆಗೆ ಓದುವ 0-1ಗಳ ಗುಂಪು) ಸ್ಮೃತಿಯನ್ನು ಮ್ಯಾಸಚೂಸೆಟ್ಸ್‌ನ ವಾಲ್ಥಮ್‌ನಲ್ಲಿದ್ದ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಕೂತು ನೇಯ್ದರು. ಮಗ್ಗ ನೋಡಿದ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಒಂದು ಹಳೆಯ ಇಯರ್‌ಫೋನಿನ ತಂತಿ ಬಿಚ್ಚಿ, ನಾಲ್ಕು ಸಣ್ಣ ಮಣಿಗಳ ಒಳಗೂ ಹೊರಗೂ ಹಾಯಿಸಿ, 1011 ಎಂದು ‘ನೇಯಿಸಿ’ ರಾಶಿಯ ಬುಡದಲ್ಲಿಟ್ಟರೆ ದೃಶ್ಯ ಪೂರ್ತಿಯಾಗುತ್ತದೆ. ಮಣಿಯ ತೂತು 2 ಮಿ.ಮೀ.ಗಿಂತ ಚಿಕ್ಕದಾದರೆ ತಂತಿಯ ಪ್ಲಾಸ್ಟಿಕ್ ಹೊದಿಕೆ ಸಿಕ್ಕಿಹಾಕಿಕೊಳ್ಳುತ್ತದೆ. ಸ್ವಲ್ಪ ದೊಡ್ಡ ತೂತಿನ ಮಣಿಯನ್ನೇ ಆರಿಸಿ.

ರೋಮನ್ ಅವರ ದೃಶ್ಯದಲ್ಲಿ ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕದ ಮಾದರಿಯಿದೆ, ಹಿಂದೆ ಒಂದು ನೆಬ್ಯುಲಾದ (ಬಾಹ್ಯಾಕಾಶದ ಅನಿಲ, ಧೂಳಿನ ಮೋಡ) ಚಿತ್ರವಿದೆ. ದೂರದರ್ಶಕವನ್ನು ಬೇಕಾದ ಕಡೆಗೆ ತಿರುಗಿಸಬಹುದು. ಅಂಗೈ ಮೇಲಿಡುವಷ್ಟು ಚಿಕ್ಕದಾದರೂ ಹಬಲ್ ಎಂದು ಗುರುತು ಸಿಗುತ್ತದೆ. ಆದರೆ ಇಲ್ಲಿ ಕತೆ ಸ್ವಲ್ಪ ಅಡ್ಡದಾರಿ ಹಿಡಿಯುತ್ತದೆ. ನ್ಯಾನ್ಸಿ ರೋಮನ್ ದೂರದರ್ಶಕವನ್ನು ಕೈಯಾರೆ ಕಟ್ಟಿದವರಲ್ಲ. 1959ರಲ್ಲಿ ನಾಸಾ ಸೇರಿ ಅಲ್ಲಿನ ಖಗೋಳ ವಿಭಾಗದ ಮೊದಲ ಮುಖ್ಯಸ್ಥೆಯಾದವರು. ಖಗೋಳ ವಿಜ್ಞಾನಿಗಳನ್ನೂ ಎಂಜಿನಿಯರುಗಳನ್ನೂ ಒಂದೇ ಮೇಜಿಗೆ ಕರೆದು, ಏನು ಬೇಕು, ಏನು ಸಾಧ್ಯ ಎಂದು ವರ್ಷಗಟ್ಟಲೆ ಜಗ್ಗಾಡಿ, ಹಣ ಮಂಜೂರಾಗುವಂತೆ ವಾದಗಳನ್ನು ಕಟ್ಟಿಕೊಟ್ಟರು. 1977ರಲ್ಲಿ ಅಮೆರಿಕದ ಸಂಸತ್ತು ಹಣ ಒಪ್ಪಿತು. ಅವರು ನಾಸಾದಿಂದ ನಿವೃತ್ತರಾದದ್ದು 1979ರಲ್ಲಿ. ಹಬಲ್ ಮೇಲಕ್ಕೆ ಹೋದದ್ದು 1990ರ ಏಪ್ರಿಲ್ 24ರಂದು. ಅಂದರೆ ಅವರ ನಿಜವಾದ ಸಾಧನ ಕಡತ. ದೂರದರ್ಶಕದ ಪಕ್ಕ 1×2 ಅಳತೆಯ (ಅಗಲಕ್ಕೆ ಒಂದು, ಉದ್ದಕ್ಕೆ ಎರಡು ಉಬ್ಬುಗುಂಡಿಯಷ್ಟು ಜಾಗ) ನಾಲ್ಕೈದು ಬಿಳಿ, ಕಂದು ಟೈಲ್‌ಗಳನ್ನು (ಮೇಲೆ ಗುಂಡಿಯಿಲ್ಲದ ಚಪ್ಪಟೆ ತುಣುಕು) ಪೇರಿಸಿ ಒಂದು ಕಡತದ ಕಟ್ಟು ಇಟ್ಟುಬಿಡಿ. ವಿಜ್ಞಾನದಲ್ಲಿ ಕಾಗದದ ಕೆಲಸವೂ ಕೆಲಸವೇ ಎಂದು ಮಕ್ಕಳಿಗೆ ತಿಳಿಯುವುದು ಒಳ್ಳೆಯದು. 2020ರಲ್ಲಿ ನಾಸಾ ತನ್ನ ಮುಂದಿನ ದೊಡ್ಡ ದೂರದರ್ಶಕಕ್ಕೆ ರೋಮನ್ ಅವರ ಹೆಸರನ್ನೇ ಇಟ್ಟಿತು. ಅದನ್ನು ಕಾಣಲು ಅವರಿರಲಿಲ್ಲ. 2018ರ ಡಿಸೆಂಬರಿನಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಮೂರನೆಯ ದೃಶ್ಯ ನೋಡಲು ಎಲ್ಲಕ್ಕಿಂತ ಚೆಂದ. ನಮ್ಮ ಪ್ರಕಾರ ಎಲ್ಲಕ್ಕಿಂತ ದುರ್ಬಲವಾದದ್ದೂ ಅದೇ. ಉಡಾವಣಾ ಕಟ್ಟೆಯ ಮೇಲೆ ಸುಮಾರು 11 ಸೆಂ.ಮೀ. ಎತ್ತರದ ಸ್ಪೇಸ್ ಷಟಲ್, ಪಕ್ಕದಲ್ಲಿ ಸ್ಯಾಲಿ ರೈಡ್ ಮತ್ತು ಮೇ ಜೆಮಿಸನ್. ಷಟಲ್‌ಗೆ ಅಂಟಿದ ಮೂರು ಭಾಗಗಳನ್ನು ಬಿಡಿಸಬಹುದು. ಕಂಪನಿ ಅವನ್ನು ‘ರಾಕೆಟ್ ಹಂತಗಳು’ ಎಂದು ಕರೆದಿದೆ. ನಿಜದಲ್ಲಿ ನಡುವಿನ ದಪ್ಪನೆಯದು ಇಂಧನದ ಟ್ಯಾಂಕ್, ಅದರಲ್ಲಿ ಎಂಜಿನ್ನೇ ಇಲ್ಲ. ಅಕ್ಕಪಕ್ಕದ ಎರಡು ಘನ ಇಂಧನದ ಬೂಸ್ಟರ್‌ಗಳು, ಅಂದರೆ ಮೇಲೇರಲು ಹೆಚ್ಚಿನ ಬಲ ಕೊಡುವ ರಾಕೆಟ್‌ಗಳು. ಬೂಸ್ಟರ್‌ಗಳು ಸುಮಾರು ಎರಡು ನಿಮಿಷಕ್ಕೆ ಕಳಚಿ ಸಮುದ್ರಕ್ಕೆ ಬೀಳುತ್ತಿದ್ದವು, ಅವನ್ನು ಹೆಕ್ಕಿ ತಂದು ಮತ್ತೆ ಬಳಸುತ್ತಿದ್ದರು. ಟ್ಯಾಂಕ್ ಎಂಟೂವರೆ ನಿಮಿಷದ ಆಸುಪಾಸಿನಲ್ಲಿ ಕಳಚುತ್ತಿತ್ತು, ಅದು ಮತ್ತೆ ಸಿಗುತ್ತಿರಲಿಲ್ಲ. ಮಕ್ಕಳು ಆಡುವಾಗ ಇದೇ ಕ್ರಮದಲ್ಲಿ ಬಿಡಿಸಲು ಹೇಳಿಕೊಡಿ: ಮೊದಲು ಎರಡು ಬೂಸ್ಟರ್ ಒಟ್ಟಿಗೆ, ಆಮೇಲೆ ಟ್ಯಾಂಕ್.

ದುರ್ಬಲ ಎಂದದ್ದೇಕೆಂದರೆ, ಇಬ್ಬರಿಗೆ ಒಂದೇ ನೌಕೆ ಕೊಟ್ಟು ಒಟ್ಟಿಗೆ ನಿಲ್ಲಿಸಿದ್ದರಿಂದ ಇಬ್ಬರ ಕತೆಯೂ ಮಸುಕಾಗಿದೆ. ರೈಡ್ ಹಾರಿದ್ದು 1983ರ ಜೂನ್‌ನಲ್ಲಿ, ಚಾಲೆಂಜರ್ ನೌಕೆಯಲ್ಲಿ. ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ, ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ನೌಕೆಯ ರೋಬಾಟ್ ಕೈಯಿಂದ ಉಪಗ್ರಹವೊಂದನ್ನು ಹೊರಗೆ ಬಿಟ್ಟು ಮತ್ತೆ ಹಿಡಿದು ಒಳಗಿಟ್ಟವರು. ಜೆಮಿಸನ್ ಹಾರಿದ್ದು 1992ರ ಸೆಪ್ಟೆಂಬರಿನಲ್ಲಿ, ಎಂಡೆವರ್‌ನಲ್ಲಿ. ಬಾಹ್ಯಾಕಾಶ ಮುಟ್ಟಿದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ. ಕೆಮಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ವೈದ್ಯೆಯಾಗಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ನಲ್ಲಿ ಕೆಲಸ ಮಾಡಿ ಬಂದವರು. ಇಬ್ಬರ ನಡುವೆ ಒಂಬತ್ತು ವರ್ಷ, ಒಂದು ದುರಂತ. 1986ರ ಜನವರಿ 28ರಂದು ಚಾಲೆಂಜರ್ ಒಡೆದುಹೋಗಿ ಏಳು ಜನ ಸತ್ತರು. ಅದರ ಜಾಗ ತುಂಬಲೆಂದು ಕಟ್ಟಿದ ನೌಕೆಯೇ ಎಂಡೆವರ್. ಚಾಲೆಂಜರ್ ತನಿಖಾ ಆಯೋಗದಲ್ಲಿ ರೈಡ್ ಇದ್ದರು, 2003ರ ಕೊಲಂಬಿಯಾ ನೌಕೆಯ ದುರಂತದ ತನಿಖೆಯಲ್ಲೂ ಇದ್ದರು. ಎರಡರಲ್ಲೂ ಇದ್ದ ಏಕೈಕ ಸದಸ್ಯೆ ಅವರು.

ಚಾಲೆಂಜರ್ ಒಡೆದದ್ದೇಕೆ ಎಂದು ಹೇಳಲು ಪೆಟ್ಟಿಗೆಯಲ್ಲಿರುವ ಬೂಸ್ಟರ್ ಕೊಳವೆಯನ್ನು ಬೆರಳಲ್ಲಿ ಹಿಡಿದು ತೋರಿಸಿ. ನಿಜವಾದ ಬೂಸ್ಟರ್ ಒಂದೇ ಕೊಳವೆಯಲ್ಲ, ತುಂಡು ತುಂಡಾಗಿ ತಂದು ಜೋಡಿಸಿದ್ದು. ಆ ಜೋಡಣೆಯ ಸಂದಿಯನ್ನು ಮುಚ್ಚುವ ರಬ್ಬರ್ ಉಂಗುರ ಅಂದಿನ ಚಳಿಗೆ ಬಿರುಸಾಗಿ, ಬಿಸಿ ಅನಿಲ ಹೊರಗೆ ನುಗ್ಗಿತು. ಫ್ರಿಜ್‌ನ ಫ್ರೀಜರಿನಲ್ಲಿ ಒಂದು ರಬ್ಬರ್ ಬ್ಯಾಂಡ್ ಎರಡು ಗಂಟೆ ಇಟ್ಟು ತೆಗೆದು ತಕ್ಷಣ ಎಳೆದು ಬಿಟ್ಟರೆ ಅದು ಎಷ್ಟು ನಿಧಾನವಾಗಿ ಮೊದಲಿನ ಆಕಾರಕ್ಕೆ ಬರುತ್ತದೆ ನೋಡಿ, ಪಕ್ಕದಲ್ಲಿ ಸಾಮಾನ್ಯ ಉಷ್ಣತೆಯ ಇನ್ನೊಂದನ್ನು ಇಟ್ಟು ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಬ್ಯಾಂಡ್ ತುಂಬ ತೆಳುವಾಗಿ ಬೇಗ ಬೆಚ್ಚಗಾಗಿರುತ್ತದೆ, ಹಾಲಿನ ಪ್ಯಾಕೆಟ್ಟಿಗೆ ಹಾಕುವಂಥ ಸಣ್ಣದರ ಬದಲು ದಪ್ಪನೆಯ ಬ್ಯಾಂಡ್ ಬಳಸಿ.

ಜೆಮಿಸನ್ ಅವರ ಕೆಲಸ ಈ ದೃಶ್ಯದಲ್ಲಿ ಎಲ್ಲೂ ಇಲ್ಲ, ಅವರು ಬರೀ ಪ್ರಯಾಣಿಕರಂತೆ ನಿಂತಿದ್ದಾರೆ. ಸುಮಾರು ಎಂಟು ದಿನದ ಆ ಯಾನದಲ್ಲಿ ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ಕಪ್ಪೆಯ ಮೊಟ್ಟೆಗಳ ಮೇಲೆ. ಗುರುತ್ವ ಇಲ್ಲದ ಕಡೆ ಫಲಿತ ಮೊಟ್ಟೆ ಸರಿಯಾಗಿ ಬೆಳೆದು ಗೊದಮೊಟ್ಟೆ ಆಗುತ್ತದೆಯೇ ಎಂದು ನೋಡಬೇಕಿತ್ತು. ಲೆಗೊದಲ್ಲಿ ಒಂದೇ ಗುಂಡಿಯ ಮೇಲೆ ಕೂರುವ ಪುಟ್ಟ ಹಸಿರು ಕಪ್ಪೆಯ ತುಣುಕು ಸಿಗುತ್ತದೆ. ಬಿಡಿ ತುಣುಕು ಮಾರುವವರಲ್ಲಿ ಅದಕ್ಕೆ ದೊಡ್ಡ ಬೆಲೆಯೇನಿಲ್ಲ. ಅದೊಂದು, 1×1 ಅಳತೆಯ ಪಾರದರ್ಶಕ ಗುಂಡನೆಯ ಬ್ರಿಕ್ ಒಂದು, ಎರಡನ್ನೂ ಜೆಮಿಸನ್ ಬೊಂಬೆಯ ಪಕ್ಕ ಇಟ್ಟರೆ ಸಾಕು. ಇಡೀ ಷಟಲ್‌ಗಿಂತ ಆ ಕಪ್ಪೆಯ ಬಗ್ಗೆಯೇ ಮಕ್ಕಳು ಹೆಚ್ಚು ಪ್ರಶ್ನೆ ಕೇಳುತ್ತಾರೆ.

ಅಳತೆಯ ಬಗ್ಗೆ ಒಂದು ಮಾತು. ಬೊಂಬೆಗಳ ಎತ್ತರ ಸುಮಾರು 4 ಸೆಂ.ಮೀ. ಅದನ್ನು 1.6 ಮೀಟರಿನ ಮನುಷ್ಯ ಎಂದುಕೊಂಡರೆ ನಲವತ್ತನೇ ಒಂದು ಭಾಗದ ಅಳತೆ. ಆ ಲೆಕ್ಕದಲ್ಲಿ 13.2 ಮೀಟರ್ ಉದ್ದದ ಹಬಲ್ 33 ಸೆಂ.ಮೀ. ಇರಬೇಕು, ಟ್ಯಾಂಕ್ ಸಮೇತ 56 ಮೀಟರ್ ಎತ್ತರದ ಷಟಲ್ 140 ಸೆಂ.ಮೀ. ಇರಬೇಕು. ಇದನ್ನು ದೋಷ ಎನ್ನಲಾಗದು, 231 ತುಣುಕಿನಲ್ಲಿ ಅಷ್ಟೇ ಸಾಧ್ಯ. ಆದರೆ ಶಾಲೆಯಲ್ಲಿ ಬಳಸುವವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 140 ಸೆಂ.ಮೀ. ಗೆರೆ ಎಳೆದು, ಬುಡದಲ್ಲಿ ಬೊಂಬೆ ನಿಲ್ಲಿಸಿ ತೋರಿಸಿದರೆ ಅನುಪಾತದ ಒಂದು ಪಾಠ ಪುಕ್ಕಟೆ ಆಗುತ್ತದೆ.

ಬೊಂಬೆಗಳ ಮೈಬಣ್ಣದ ವಿಷಯಕ್ಕೂ ಇಲ್ಲಿ ತೂಕವಿದೆ. 1978ರಿಂದ ಲೆಗೊ ಬೊಂಬೆಗಳೆಂದರೆ ಹಳದಿ ಮುಖ. ಹಳದಿ ಯಾರ ಬಣ್ಣವೂ ಅಲ್ಲ, ಹಾಗಾಗಿ ಎಲ್ಲರದೂ ಹೌದು ಎಂಬುದು ಕಂಪನಿಯ ವಾದ. 2003ರ ಹೊತ್ತಿಗೆ ನಿಜವಾದ ಬಾಸ್ಕೆಟ್‌ಬಾಲ್ ಆಟಗಾರರ ಬೊಂಬೆ ಮಾಡುವಾಗ ಆ ವಾದ ನಿಲ್ಲಲಿಲ್ಲ, ನಿಜದ ಮೈಬಣ್ಣಗಳು ಬಂದವು. 2013ರಲ್ಲಿ ಬಂದ, ಎರಡು ಗಾಜಿನ ಫ್ಲಾಸ್ಕ್ ಹಿಡಿದ ವಿಜ್ಞಾನಿ ಮಹಿಳೆಯ ಬೊಂಬೆ ಹಳದಿಯದೇ. 2014ರ ‘ರಿಸರ್ಚ್ ಇನ್‌ಸ್ಟಿಟ್ಯೂಟ್’ ಸೆಟ್ಟಿನ ಮೂವರೂ ಹಳದಿಯವರೇ. ‘ವಿಮೆನ್ ಆಫ್ ನಾಸಾ’ದಲ್ಲಿ ಮಾತ್ರ ಜೆಮಿಸನ್ ಕಂದು ಮೈಬಣ್ಣದವರಾಗಿಯೇ ಇದ್ದಾರೆ. ಹೆಸರಿರುವ ನಿಜವಾದ ವ್ಯಕ್ತಿಗೆ ಇದು ಬೇಕೇ ಬೇಕಿತ್ತು. ಜನಾಂಗಭೇದದ ನಡುವೆ ಮೇಲೆ ಬಂದವರ ಕತೆಯನ್ನು ಹಳದಿ ಮುಖದಲ್ಲಿ ಹೇಳಿದರೆ ಅರ್ಧ ಕತೆಯೇ ಉಳಿಯುತ್ತದೆ.

‘ರಿಸರ್ಚ್ ಇನ್‌ಸ್ಟಿಟ್ಯೂಟ್’ ಬಗ್ಗೆ ಕೇಳುವವರು ಬಹಳ, ಅದಕ್ಕೇ ಹೋಲಿಕೆ. ಸೆಟ್ ಸಂಖ್ಯೆ 21110, ತುಣುಕು 165, ರೂಪಿಸಿದವರು ಭೂರಸಾಯನ ವಿಜ್ಞಾನಿ ಎಲೆನ್ ಕೊಯ್‌ಮನ್. ಡೈನೊಸಾರ್ ಅಸ್ಥಿಪಂಜರದ ಮುಂದೆ ಜೀವಾವಶೇಷ ತಜ್ಞೆ, ದೂರದರ್ಶಕದ ಬಳಿ ಖಗೋಳ ವಿಜ್ಞಾನಿ, ಪ್ರಯೋಗಶಾಲೆಯಲ್ಲಿ ರಸಾಯನ ವಿಜ್ಞಾನಿ. ಬಂದ ಕೆಲವೇ ದಿನಗಳಲ್ಲಿ ಖಾಲಿಯಾಯಿತು. ಆಟಕ್ಕೆ ಅದೇ ಮೇಲು: ಎಲ್ಲರೂ ಏನೋ ಒಂದು ಕೆಲಸ ಮಾಡುತ್ತಿದ್ದಾರೆ, ಮಗು ತನ್ನ ಹೆಸರನ್ನೇ ಬೊಂಬೆಗೆ ಇಟ್ಟುಕೊಳ್ಳಬಹುದು. ಆದರೆ ಅಲ್ಲಿ ಯಾರಿಗೂ ಹೆಸರಿಲ್ಲ, ಹಾಗಾಗಿ ಹುಡುಕಿಕೊಂಡು ಹೋಗಲು ದಾರಿಯೂ ಇಲ್ಲ. ಆರೇಳು ವರ್ಷದವರಿಗೆ 21110, ಹತ್ತು ದಾಟಿದವರಿಗೆ 21312 ಎನ್ನುವುದು ನಮ್ಮ ಸಲಹೆ. ಬಾರ್ಬಿ ತಯಾರಕರು 2018ರಲ್ಲಿ ಕ್ಯಾಥರೀನ್ ಜಾನ್ಸನ್, 2019ರಲ್ಲಿ ಸ್ಯಾಲಿ ರೈಡ್ ಗೊಂಬೆ ತಂದರು. ಸುಮಾರು 29 ಸೆಂ.ಮೀ. ಎತ್ತರದ ಆ ಗೊಂಬೆಗಳಲ್ಲಿ ಉಡುಪಿನ ಕುಸುರಿ ಚೆನ್ನಾಗಿದೆ, ಕಪಾಟಿನಲ್ಲಿಡಲು ಒಪ್ಪುತ್ತವೆ. ಆದರೆ ಕೈಯಲ್ಲಿ ಕಟ್ಟುವಂಥದ್ದು ಏನೂ ಇಲ್ಲ.

ಇನ್ನು ಕೊಳ್ಳುವ ವಿಚಾರ. ತಯಾರಿಕೆ ನಿಂತ ಸೆಟ್ ಆದ್ದರಿಂದ ಮೂರು ದಾರಿ: ತೆರೆಯದ ಪೆಟ್ಟಿಗೆ, ಬಳಸಿದ ಪೂರ್ತಿ ಸೆಟ್, ಅಥವಾ ಬಿಡಿ ತುಣುಕುಗಳನ್ನು ಕೂಡಿಸುವುದು. ತೆರೆಯದ ಪೆಟ್ಟಿಗೆಗೆ ಸಂಗ್ರಹಕಾರರ ಬೆಲೆ ಇರುತ್ತದೆ. ಮಗು ಆಡಲಿ ಎಂದು ತರುವವರು ಅದಕ್ಕೆ ಕೈಹಾಕುವುದು ಬೇಡ. ವಿದೇಶದಿಂದ ತರಿಸುವುದಾದರೆ ಸುಂಕವನ್ನು ಮೊದಲೇ ಲೆಕ್ಕ ಹಾಕಿ. ಭಾರತ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತ್ತು. ತರಿಸುವ ದಿನದ ದರವನ್ನು ಕೊರಿಯರ್‌ನವರಲ್ಲಿ ಕೇಳಿಯೇ ಆರ್ಡರ್ ಮಾಡಿ. ಅಮೆರಿಕದಿಂದಲೋ ಯುರೋಪಿನಿಂದಲೋ ಬರುವ ನೆಂಟರು ಬ್ಯಾಗಿನಲ್ಲಿ ತರುವುದಾದರೆ ಪೆಟ್ಟಿಗೆ ಬಿಟ್ಟು, ತುಣುಕುಗಳನ್ನು ಜಿಪ್ ಚೀಲದಲ್ಲೂ ಕೈಪಿಡಿಯನ್ನು ಬಟ್ಟೆಯ ನಡುವೆಯೂ ಇಟ್ಟು ತರಲಿ, ಜಾಗ ಉಳಿಯುತ್ತದೆ.

ಬಳಸಿದ ಸೆಟ್ ಕೊಳ್ಳುವಾಗ ನಾಲ್ಕು ಬೊಂಬೆಗಳ ಎದೆ ಮತ್ತು ಬೆನ್ನಿನ ಫೋಟೊ ಬೇರೆ ಬೇರೆ ಕೇಳಿ. ಸೆಟ್ಟಿನ ಬೆಲೆಯ ದೊಡ್ಡ ಪಾಲು ಬೊಂಬೆಗಳದ್ದೇ. ಕೆಲವರು ಬೊಂಬೆಗಳನ್ನು ಬೇರೆಯಾಗಿ ಮಾರಿ ಉಳಿದದ್ದನ್ನು ‘ಪೂರ್ತಿ ಸೆಟ್’ ಎಂದು ಕೊಡುವುದುಂಟು. ಎದೆಯ ಪಕ್ಕದಲ್ಲಿ, ತೋಳಿನ ತೂತಿನ ಕೆಳಗೆ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ತೋಳನ್ನು ಮತ್ತೆ ಮತ್ತೆ ಕಿತ್ತು ಹಾಕಿದರೆ ಅಲ್ಲೇ ಸೀಳುತ್ತದೆ, ಮತ್ತೆ ಕೂಡುವುದಿಲ್ಲ. ಹೆಸರಿನ ಟೈಲ್‌ಗಳು ಎಲ್ಲವೂ ಇರಬೇಕು. ಅವು ಚಪ್ಪಟೆಯಾಗಿ, ಸುಲಭವಾಗಿ ಕಳೆದುಹೋಗುವಂಥವು. ಬಿಳಿ ತುಣುಕು ಹಳದಿಗೆ ತಿರುಗಿದ್ದರೆ ಸೆಟ್ ಕಿಟಕಿಯ ಬಿಸಿಲಲ್ಲಿ ಕೂತಿತ್ತು ಎಂದರ್ಥ. ಆಟಕ್ಕೆ ತೊಂದರೆಯಿಲ್ಲ, ಬೆಲೆ ಇಳಿಸಲು ಕಾರಣ.

ನಕಲಿಯನ್ನು ಗುರುತಿಸುವುದು ಸುಲಭ. ಅಸಲಿ ಬ್ರಿಕ್ಕಿನ ಪ್ರತಿ ಗುಂಡಿಯ ಮೇಲೂ ಕಂಪನಿಯ ಹೆಸರು ಸಣ್ಣಗೆ ಉಬ್ಬಿರುತ್ತದೆ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಮಾಡಿದರೆ ಕಾಣುತ್ತದೆ. ನಕಲಿಯಲ್ಲಿ ಮುಖದ ಅಚ್ಚು ಒಂದು ಬದಿಗೆ ವಾಲಿರುತ್ತದೆ, ಕೂದಲಿನ ತುಣುಕು ತಲೆಯ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಎರಡು ಪ್ಲೇಟ್ (ಗುಂಡಿಯಿರುವ ತೆಳು ತುಣುಕು) ಜೋಡಿಸಿದರೆ ಒಂದೋ ತುಂಬ ಬಿಗಿ ಇಲ್ಲವೇ ತಾನೇ ಕಳಚುತ್ತದೆ. ವ್ಯಕ್ತಿಗಳ ಒಪ್ಪಿಗೆ ಪಡೆದು ಮಾಡಿದ ಸೆಟ್ಟಿನ ನಕಲು ತರುವುದೆಂದರೆ ಆ ಒಪ್ಪಿಗೆಗೇ ಬೆಲೆಯಿಲ್ಲದಂತೆ. ಅದಕ್ಕಿಂತ ಮೂರನೆಯ ದಾರಿ ಮೇಲು.

ಮೂರನೆಯ ದಾರಿಯಲ್ಲಿ ಮೊದಲು ಕಂಪನಿಯ ಜಾಲತಾಣದಿಂದ 21312 ಕೈಪಿಡಿಯ ಪಿಡಿಎಫ್ ಇಳಿಸಿಕೊಳ್ಳಿ, ಉಚಿತ. ಕೊನೆಯ ಪುಟಗಳಲ್ಲಿ ಪ್ರತಿ ತುಣುಕಿನ ಚಿತ್ರ, ಎಷ್ಟು ಬೇಕು, ಅದರ ಸಂಖ್ಯೆ ಇರುತ್ತದೆ. ಮನೆಯಲ್ಲಿ ಈಗಾಗಲೇ ಇರುವುದಕ್ಕೆ ಗುರುತು ಹಾಕಿ, ಉಳಿದದ್ದನ್ನು ಬಿಡಿ ತುಣುಕು ಮಾರುವವರೆಲ್ಲ ಇರುವ ಬ್ರಿಕ್‌ಲಿಂಕ್ ತಾಣದಲ್ಲಿ ಹುಡುಕಿ. ತುಣುಕಿನ ಬೆಲೆಗಿಂತ ಅಂಚೆ ವೆಚ್ಚವೇ ಜಾಸ್ತಿಯಾಗುವುದು ಇಲ್ಲಿ ಎಲ್ಲರೂ ಬೀಳುವ ಹಳ್ಳ. ಐದು ಕಡೆ ಐದು ಆರ್ಡರ್ ಮಾಡುವ ಬದಲು ಹೆಚ್ಚು ತುಣುಕು ಒಂದೇ ಕಡೆ ಸಿಗುವ ಮಾರಾಟಗಾರರನ್ನು ಆರಿಸಿ. ಬಣ್ಣದಲ್ಲಿ ರಾಜಿ ಮಾಡಿಕೊಳ್ಳಿ. ಕಟ್ಟೆಯ ಒಳಗೆ ಅಡಗುವ ತುಣುಕು ಯಾವ ಬಣ್ಣದ್ದಾದರೂ ನಡೆಯುತ್ತದೆ.

ಕಟ್ಟುವುದು ಕಷ್ಟವಿಲ್ಲ, ಮೊದಲ ಸಲ ಕಟ್ಟುವವರಿಗೂ ಒಂದೂವರೆ ಗಂಟೆ ಸಾಕು. ಸ್ಟೀಲ್ ತಟ್ಟೆಗಳಲ್ಲಿ ಬಣ್ಣದ ಪ್ರಕಾರ ಬೇರ್ಪಡಿಸಿಕೊಳ್ಳಿ. ನೆಲದ ಮೇಲೆ ಕೂರುವುದಾದರೆ ಒಂದು ಬಿಳಿ ಪಂಚೆ ಹಾಸಿ, ಬಿದ್ದ 1×1 ತುಣುಕು ಕಾಣುತ್ತದೆ. ತಪ್ಪಾಗಿ ಕೂರಿಸಿದ ಟೈಲನ್ನು ಹಲ್ಲಿನಿಂದ ಕಚ್ಚಿ ತೆಗೆಯುವ ಅಭ್ಯಾಸ ಮಕ್ಕಳಿಗೆ ಬೇಗ ಬರುತ್ತದೆ. ಅಂಚು ಹಾಳಾಗಿ ಟೈಲ್ ಮುಂದೆ ಸಮವಾಗಿ ಕೂರುವುದಿಲ್ಲ. ಬ್ರಿಕ್ ಸೆಪರೇಟರ್ (ತುಣುಕು ಬಿಡಿಸುವ ಸಾಧನ) ಇಲ್ಲದಿದ್ದರೆ ಹಳೆಯ ಎಟಿಎಂ ಕಾರ್ಡಿನ ಮೂಲೆ ಬಳಸಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಈ ಸೆಟ್ ಎತ್ತರದ ಶೆಲ್ಫಿನಲ್ಲೇ ಇರಲಿ, ಸಣ್ಣ ತುಣುಕು ಗಂಟಲಿಗೆ ಸಿಕ್ಕೀತು. ಧೂಳಾದರೆ ಉಗುರು ಬೆಚ್ಚಗಿನ ನೀರಿನಲ್ಲಿ, 40 ಡಿಗ್ರಿ ದಾಟದಂತೆ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ. ಕುದಿ ನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಕೈಪಿಡಿಯಲ್ಲಿ ನಾಲ್ವರ ಬಗ್ಗೆ ಚಿಕ್ಕ ಪರಿಚಯವಿದೆ, ಆದರೆ ಬೊಂಬೆಯ ಪಕ್ಕ ಇಡಲು ಅದು ಆಗದು. ಪೋಸ್ಟ್‌ಕಾರ್ಡ್ ಅಳತೆಯ ನಾಲ್ಕು ರಟ್ಟು ಕತ್ತರಿಸಿ, ಒಬ್ಬೊಬ್ಬರಿಗೆ ನಾಲ್ಕೇ ಸಾಲು ಕನ್ನಡದಲ್ಲಿ ಮಕ್ಕಳಿಂದಲೇ ಬರೆಸಿ: ಹೆಸರು, ಓದಿದ್ದು, ಮಾಡಿದ ಒಂದು ಕೆಲಸ, ಎದುರಾದ ಒಂದು ಅಡ್ಡಿ. ‘ಮೊದಲ ಮಹಿಳೆ’ ಎಂದಷ್ಟೇ ಬರೆದು ನಿಲ್ಲಿಸಲು ಬಿಡಬೇಡಿ. ಮೊದಲಿಗರು ಯಾರೆಂಬುದು ರಸಪ್ರಶ್ನೆಗೆ ಸಾಕು, ಅವರು ಅಲ್ಲಿ ಹೋಗಿ ಏನು ಮಾಡಿದರು ಎಂಬುದೇ ಮಗುವಿಗೆ ಬೇಕಾದದ್ದು.

ಐದನೆಯ ಜಾಗಕ್ಕೆ ಬರೋಣ. ಬಾಹ್ಯಾಕಾಶದ ಲೆಕ್ಕವನ್ನು ಯಂತ್ರಕ್ಕಿಂತ ಮೊದಲು ಮನುಷ್ಯರು ಹಾಕುತ್ತಿದ್ದರು ಎಂದು ತೋರಿಸಲು ಕ್ಯಾಥರೀನ್ ಜಾನ್ಸನ್ ಅವರ ಬೊಂಬೆಯೇ ಬೇಕಿಲ್ಲ, ಅವರ ನಿರ್ಧಾರವನ್ನು ಗೌರವಿಸಿ ಕೆಲಸದ ಜಾಗವನ್ನಷ್ಟೇ ಕಟ್ಟಬಹುದು. ಕೆಳಗೆ 6×8 ಪ್ಲೇಟ್. ಹಿಂದೆ 1×6×5 ಅಳತೆಯ ಕಪ್ಪು ಪ್ಯಾನೆಲ್, ಅದೇ ಕರಿಹಲಗೆ. ಅದರ ಮುಖ ಸುಮಾರು 48 ಮಿ.ಮೀ. ಚೌಕ. 46 ಮಿ.ಮೀ. ಚೌಕದ ಕಪ್ಪು ಕಾಗದದ ಮೇಲೆ ಬಿಳಿ ಜೆಲ್ ಪೆನ್ನಿನಿಂದ ಒಂದು ವೃತ್ತ, ಅದರ ಸುತ್ತ ಸ್ವಲ್ಪ ಚಪ್ಪಟೆಯಾದ ಕಕ್ಷೆ ಬರೆದು ಅಂಟಿಸಿ. ಅಂಟು ಪ್ಯಾನೆಲ್ಲಿಗೆ ನೇರ ಬೇಡ, ಕಿತ್ತರೆ ಕಲೆ ಉಳಿಯದ ಟೇಪ್ ಬಳಸಿ. ಮುಂದೆ 1×2 ಬ್ರಿಕ್‌ಗಳನ್ನು ಎರಡು ಪದರ ಏರಿಸಿ, ಮೇಲೆ 2×4 ಪ್ಲೇಟ್ ಹಾಕಿ ಮೇಜು. ಮೇಜಿನ ಮೇಲೆ 2×2 ಬೂದು ಪ್ಲೇಟ್, ಅದರ ಹಿಂದೆ ಇಳಿಜಾರಿನ ತುಣುಕು ಒಂದು: ಅದು ಲೆಕ್ಕ ಮಾಡುವ ಮೇಜಿನ ಯಂತ್ರ. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ನೌಕೆಯಲ್ಲಿ ಭೂಮಿ ಸುತ್ತುವ ಮೊದಲು ಕಂಪ್ಯೂಟರ್ ಕೊಟ್ಟ ಅಂಕಿಗಳನ್ನು ಜಾನ್ಸನ್ ಪರಿಶೀಲಿಸಲಿ ಎಂದು ಕೇಳಿದ್ದರು. ಇಂಥ ಯಂತ್ರದಲ್ಲೇ ಸುಮಾರು ಒಂದೂವರೆ ದಿನ ಕೂತು ಅವರು ಲೆಕ್ಕ ತಾಳೆ ನೋಡಿದರು.

ಇದೇ ಅಳತೆಯ ತಳಹದಿಯಲ್ಲಿ ಬೆಂಗಳೂರಿನ ಒಂದು ದೃಶ್ಯವನ್ನೂ ಕಟ್ಟಬಹುದು. ಭೌತವಿಜ್ಞಾನಿ ಅನ್ನಾ ಮಣಿ 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತ (ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿ) ತೆಗೆದರು. ವಜ್ರವನ್ನು ದ್ರವವಾಯುವಿನಲ್ಲಿ ತಣ್ಣಗಿಟ್ಟು, ಫೋಟೊ ಫಲಕದ ಮೇಲೆ 15ರಿಂದ 20 ಗಂಟೆ ಬೆಳಕು ಬೀಳಿಸಬೇಕಿತ್ತು. ಹಾಗಾಗಿ ರಾತ್ರಿಯೆಲ್ಲ ಲ್ಯಾಬಿನಲ್ಲೇ. ಒಬ್ಬರೇ ಬರೆದ ಐದು ಪ್ರಬಂಧ ಪ್ರಕಟಿಸಿದರೂ, ಎಂಎಸ್ಸಿ ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ದೃಶ್ಯಕ್ಕೆ ಬೇಕಾದದ್ದು ಸ್ವಲ್ಪವೇ: ಕಪ್ಪು 1×4 ಬ್ರಿಕ್‌ಗಳಿಂದ ಉದ್ದನೆಯ ರೋಹಿತದರ್ಶಕ, ಅದರ ತುದಿಗೆ 1×1 ಪಾರದರ್ಶಕ ತುಣುಕು ವಜ್ರವಾಗಿ, ಪಕ್ಕದಲ್ಲಿ ಬಿಳಿ ಗುಂಡನೆಯ ಬ್ರಿಕ್ ಎರಡು ದ್ರವವಾಯುವಿನ ಪಾತ್ರೆಯಾಗಿ. ಸೀರೆಗೆ ಕಾಲಿನ ಬದಲು ಲಂಗದ ಇಳಿಜಾರು ತುಣುಕು ಹಾಕಿ, 2 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದದ ಖಾದಿ ಬಟ್ಟೆಯ ಪಟ್ಟಿಯನ್ನು ಸೆರಗಾಗಿ ಸುತ್ತಿ. ಅವರು ಉಡುತ್ತಿದ್ದದ್ದೂ ಖಾದಿಯನ್ನೇ. ಬಟ್ಟೆಯ ಅಂಚು ನೂಲು ಬಿಡದಂತೆ ಮೊದಲೇ ತೆಳುವಾಗಿ ಗೋಂದು ಸವರಿ ಒಣಗಿಸಿ.

ಹೆಸರಿನ ಫಲಕಕ್ಕೆ ಸೆಟ್ಟಿನಲ್ಲಿರುವಂತೆ 1×4 ಟೈಲ್ ಬಳಸಿದರೆ ಕನ್ನಡಕ್ಕೆ ಸಾಲದು. ಅದರ ಎತ್ತರ 8 ಮಿ.ಮೀ. ಮಾತ್ರ, ಎರಡು ಸಾಲು ಬರೆದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. 32×16 ಮಿ.ಮೀ. ಇರುವ 2×4 ಟೈಲ್ ತೆಗೆದುಕೊಳ್ಳಿ. ಮೇಲೆ 12 ಪಾಯಿಂಟ್ ಅಕ್ಷರದಲ್ಲಿ ‘ಅನ್ನಾ ಮಣಿ’, ಕೆಳಗೆ 8 ಪಾಯಿಂಟಿನಲ್ಲಿ ‘ಭೌತವಿಜ್ಞಾನಿ, ಬೆಂಗಳೂರು’. ಕಾಗದದ ಮೇಲೆ ಅಚ್ಚು ಮಾಡಿ, ಪಾರದರ್ಶಕ ಟೇಪ್ ಹೊದಿಸಿದ ಮೇಲೆ ಕತ್ತರಿಸಿ ಅಂಟಿಸಿ. ಕತ್ತರಿಸಿದ ಮೇಲೆ ಟೇಪ್ ಹಾಕಿದರೆ ಅಂಚು ಏಳುತ್ತದೆ. ಕಟ್ಟಿ ಮುಗಿದ ಮೇಲೆ ಮಕ್ಕಳಿಗೆ ಇನ್ನೊಂದನ್ನು ಹೇಳಿ: ಪದವಿ ಸಿಗದ ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಉಳಿದ ಪಿಎಚ್‌ಡಿ ಪ್ರಬಂಧಗಳ ಜೊತೆಯಲ್ಲೇ ಇದೆ.